ಎರಡು ಪದವಿ, ಒಂದು ಹಾಜರಿ ಪುಸ್ತಕ

ಮಂಗಳಗಿರಿಯಲ್ಲಿ ನೆಲೆಸಿರುವ ನಮ್ಮ ಸಮಾಜದ ಮನೆಯೊಂದರಲ್ಲಿ ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ನಡೆದ ಮಾತುಕತೆಯೇ ಈ ಬರಹಕ್ಕೆ ಕಾರಣ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದಿತ್ತು. ಇಂಟರ್‌ಮೀಡಿಯೆಟ್ ಎರಡನೆಯ ವರ್ಷದಲ್ಲಿರುವ ಮಗಳನ್ನು ಎದುರಿಗೆ ಕೂರಿಸಿಕೊಂಡು ತಂದೆ ತಮ್ಮ ಯೋಜನೆಯನ್ನು ಮುಂದಿಟ್ಟರು: "ಅಣ್ಣಾರ, ಈಕಿ ನಿಮ್ಮಂಗ ಸಿ.ಎ. ಮಾಡ್ಲಿ. ಜೋಡೀಲೆ ಐದು ವರ್ಷದ ಎಲ್‌ಎಲ್.ಬಿ.ನೂ ಮುಗೀಲಿ. ಒಂದು ಕಾಲೇಜು ಐತಂತ, ಪರೀಕ್ಷಾಕ್ಕ ಅಷ್ಟ ಹೋದ್ರ ಸಾಕಂತ." ಮಗಳು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಒಂದೇ ಮಾತು ಹೇಳಿದಳು: "ಕಾಕಾ, ನನಗ ಕಾನೂನಿನ ಜೋಡೀ ಇತಿಹಾಸ ಓದಬೇಕಾಗೇದ. ಎರಡನ್ನೂ ಖರೇನ ಓದಬೇಕಾಗೇದ."

ಆ "ಖರೇನ" ಎಂಬ ಪದವು ನನ್ನನ್ನು ಹಲವು ದಿನ ಕಾಡಿತು. ಕರ್ನಾಟಕದಿಂದ ಹೊರಬಂದು ವಿಜಯವಾಡ, ಗುಂಟೂರು, ಹೈದರಾಬಾದ್, ಪುಣೆ, ಚೆನ್ನೈಗಳಲ್ಲಿ ವ್ಯಾಪಾರ ಉದ್ಯೋಗಗಳನ್ನು ಹಿಡಿದಿರುವ ನಮ್ಮ ಕುಟುಂಬಗಳಲ್ಲಿ ಮಕ್ಕಳ ವಿದ್ಯೆಯ ಕುರಿತು ಒಂದು ಹೊಸ ಹಂಬಲ ಕಾಣಿಸಿಕೊಂಡಿದೆ. ಒಂದು ಪದವಿ ಸಾಲದು, ಎರಡು ಬೇಕು. ಎರಡನೆಯದು ಕಾನೂನಾಗಿದ್ದರೆ ಲೇಸು. ಹಂಬಲ ತಪ್ಪಲ್ಲ. ಅದನ್ನು ತೀರಿಸಿಕೊಳ್ಳಲು ನಾವು ಹಿಡಿಯುತ್ತಿರುವ ದಾರಿಯ ವಿಚಾರದಲ್ಲಿ ಮಾತ್ರ ನನ್ನ ತಕರಾರು ಉಂಟು.

ಮೊದಲು ನಿಯಮವನ್ನು ನೋಡೋಣ. 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ವಿದ್ಯಾರ್ಥಿಯೊಬ್ಬನು ಏಕಕಾಲಕ್ಕೆ ಎರಡು ಪೂರ್ಣಾವಧಿ ಪದವಿಗಳನ್ನು ಓದಬಹುದೆಂದು ಮಾರ್ಗಸೂಚಿ ಹೊರಡಿಸಿತು. ತರಗತಿಗಳ ವೇಳೆ ಒಂದರ ಮೇಲೊಂದು ಬೀಳಬಾರದೆಂಬುದು ಷರತ್ತು. ವೃತ್ತಪತ್ರಿಕೆಗಳು ಇದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿದವು. ಆಯಾ ವೃತ್ತಿಯ ಶಾಸನಬದ್ಧ ಮಂಡಳಿಗಳ ನಿಯಮಗಳಿಗೆ ಒಳಪಟ್ಟು ಎಂಬ ಮಾತು ಮಾತ್ರ ಓದುಗರ ಕಣ್ಣಿಗೆ ಬೀಳಲಿಲ್ಲ. ಕಾನೂನು ಶಿಕ್ಷಣಕ್ಕೆ ಅಂಥ ಮಂಡಳಿ ಭಾರತೀಯ ವಕೀಲರ ಪರಿಷತ್ತು. ಅದರ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಆರನೆಯದು ಸ್ಪಷ್ಟವಾಗಿದೆ: ಕಾನೂನು ಪದವಿಗೆ ನೋಂದಾಯಿಸಿಕೊಂಡವನು ಅದೇ ಕಾಲದಲ್ಲಿ ಬೇರೊಂದು ಪದವಿಗಾಗಲಿ, ಸ್ನಾತಕೋತ್ತರ ಪದವಿಗಾಗಲಿ, ಸರ್ಟಿಫಿಕೇಟ್ ಕೋರ್ಸಿಗಾಗಲಿ ನೋಂದಾಯಿಸಿಕೊಳ್ಳಕೂಡದು, ವಿಶ್ವವಿದ್ಯಾಲಯ ಮಾತ್ರವಲ್ಲ, ವೃತ್ತಿಶಿಕ್ಷಣ ನೀಡುವ ಸಂಸ್ಥೆಯೂ ಈ ನಿಷೇಧದ ವ್ಯಾಪ್ತಿಗೆ ಬರುತ್ತದೆ. ಒಂದೇ ಸಂಸ್ಥೆಯೊಳಗಿನ ಸಂಯುಕ್ತ ಪದವಿಗೆ ವಿನಾಯಿತಿ. ಭಾಷೆ, ಗಣಕ ಮುಂತಾದವುಗಳ ಅಲ್ಪಾವಧಿಯ ಅರೆಕಾಲಿಕ ಕೋರ್ಸಿಗೂ ದೂರಶಿಕ್ಷಣ ಕೇಂದ್ರದ ಕೋರ್ಸಿಗೂ ವಿನಾಯಿತಿ. ಹೀಗಿರುವಾಗ ಒಂದು ಕಡೆ ಸಿ.ಎ., ಇನ್ನೊಂದು ಕಡೆ ಐದು ವರ್ಷದ ಕಾನೂನು ಎಂಬ ನಮ್ಮ ಮಿತ್ರರ ಯೋಜನೆಯು, ನಾನು ಈ ನಿಯಮವನ್ನು ಓದಿಕೊಂಡ ಮಟ್ಟಿಗೆ, ನಿಲ್ಲುವಂಥದಲ್ಲ.

ಇದನ್ನು ಕಾಗದದ ಮೇಲಿನ ನಿಯಮವೆಂದು ತಳ್ಳಿಹಾಕುವ ಕಾಲವೂ ಕಳೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಎಲ್ಲ ಕಾನೂನು ಕಾಲೇಜುಗಳಿಗೆ ಸುತ್ತೋಲೆ ಕಳುಹಿಸಿ, ಏಕಕಾಲದಲ್ಲಿ ಬೇರೆ ಪದವಿ ಓದುತ್ತಿಲ್ಲವೆಂದು, ಉದ್ಯೋಗದಲ್ಲಿದ್ದರೆ ಅದರ ವಿವರವನ್ನು, ಹಾಜರಾತಿ ಪೂರೈಸಿರುವುದನ್ನು ವಿದ್ಯಾರ್ಥಿಯಿಂದ ಘೋಷಣೆಯ ರೂಪದಲ್ಲಿ ಪಡೆಯಬೇಕೆಂದು ಸೂಚಿಸಿತು. ಬೆರಳಚ್ಚಿನ ಹಾಜರಿ, ಕ್ಯಾಮೆರಾಗಳ ಮಾತನ್ನೂ ಆಡಿತು. ಸುಳ್ಳು ಘೋಷಣೆಯ ಮೇಲೆ ಪಡೆದ ಅಂಕಪಟ್ಟಿಯನ್ನು ಹಿಡಿದು, ಸತ್ಯದ ಪ್ರಮಾಣ ಮಾಡಿಸುವ ನ್ಯಾಯಾಲಯದಲ್ಲಿ ಕಪ್ಪು ಕೋಟು ತೊಡುವುದು ಎಂಥ ಆರಂಭ?

ಸರಕಾರವನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ. ಒಂದೇ ದೇಶದಲ್ಲಿ ಒಂದು ಆಯೋಗ ಎರಡು ಪದವಿ ಓದು ಎನ್ನುತ್ತದೆ, ಇನ್ನೊಂದು ಮಂಡಳಿ ಓದಬೇಡ ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿಷಯಗಳ ನಡುವಿನ ಗೋಡೆಗಳನ್ನು ಒಡೆಯುವುದಾಗಿ ಘೋಷಿಸಿತು. ಆದರೆ ಉನ್ನತ ಶಿಕ್ಷಣಕ್ಕೆ ಏಕೈಕ ನಿಯಂತ್ರಕನನ್ನು ಪ್ರಸ್ತಾಪಿಸುವಾಗ ವೈದ್ಯಕೀಯವನ್ನೂ ಕಾನೂನನ್ನೂ ಅದರ ಹೊರಗಿಟ್ಟಿತು. ಹೊರಗಿಡುವುದಕ್ಕೆ ಕಾರಣಗಳಿರಬಹುದು. ಆದರೆ ನೀತಿಯನ್ನು ಕೊಂಡಾಡುವ ಭಾಷಣಗಳಲ್ಲಿ ಈ ಅಪವಾದ ಎಲ್ಲಿಯೂ ಕೇಳಿಸದು; ಅದರ ಬೆಲೆಯನ್ನು ತೆರುವವರು ಹದಿನೆಂಟರ ಮಕ್ಕಳು. ಬೆಳಿಗ್ಗೆ ಎಂಟರಿಂದ ಸಂಜೆ ಏಳರೊಳಗೇ ಕಾನೂನು ತರಗತಿ ನಡೆಯಬೇಕೆಂಬ ಪರಿಷತ್ತಿನ ನಿಯಮವೂ ನನಗೆ ಒಪ್ಪಿಗೆಯಿಲ್ಲ. ಹಗಲು ದುಡಿದು ರಾತ್ರಿ ಓದುವ ಬಡ ವಿದ್ಯಾರ್ಥಿಗೆ ಬಾಗಿಲು ಮುಚ್ಚಿ, ಹಗಲು ಓದುತ್ತೇನೆಂದು ಸುಳ್ಳು ಹೇಳುವವನಿಗೆ ಹಿಂಬಾಗಿಲನ್ನು ಅದು ತೆರೆದಿಟ್ಟಿದೆ. ನಿಯಮ ಬದಲಾಗಲೆಂದು ಬಹಿರಂಗವಾಗಿ ಕೇಳೋಣ. ಬದಲಾಗುವವರೆಗೆ ಕಳ್ಳದಾರಿ ಬೇಡ.

ಹಿಂಬಾಗಿಲಿನ ವಿಚಾರವನ್ನು ನಾನು ಕೇಳಿದ್ದಷ್ಟೇ ಅಲ್ಲ, ದಾಟಿಯೂ ಬಲ್ಲೆ. ಸಿ.ಎ. ಮುಗಿಸಿ ಎರಡು ವರ್ಷವಾಗಿದ್ದಾಗ, ತೆರಿಗೆ ಪ್ರಕರಣಗಳಿಗೆ ಅನುಕೂಲವೆಂದು ಮೂರು ವರ್ಷದ ಎಲ್‌ಎಲ್.ಬಿ.ಗೆ ದೂರದ ಒಂದು ಕಾಲೇಜಿನಲ್ಲಿ ಸೇರಿದೆ. ಹೆಸರು ಇಲ್ಲಿ ಬೇಡ. ಶುಲ್ಕ ಕಟ್ಟಿದ ದಿನ ಒಮ್ಮೆ, ಪರೀಕ್ಷೆಗೆ ಒಮ್ಮೆ ಹೋದೆ. ಪರೀಕ್ಷೆಗೆ ಮುನ್ನ ಗುಮಾಸ್ತನು ಹಾಜರಿ ಪುಸ್ತಕವನ್ನು ತೆರೆದು, ಖಾಲಿ ಮನೆಗಳನ್ನು ತೋರಿಸಿ, ಪೆನ್ನು ಕೊಟ್ಟ. ನಾನು ಕುಳಿತು ಸಹಿ ಮಾಡಿದೆ. ಬೇರೆ ಬೇರೆ ದಿನವೆಂದು ಕಾಣಲು ಪೆನ್ನು ಬದಲಿಸಿ ಎಂದು ಆತನೇ ಹೇಳಿದ, ಬದಲಿಸಿದೆ. ಅದಾಗಿ ಒಂದು ತಿಂಗಳೊಳಗೆ ಒಂದು ಗಿರಣಿಯ ಲೆಕ್ಕ ತಪಾಸಣೆಯಲ್ಲಿ ಕೂಲಿಗಾರರ ಮಸ್ಟರ್ ರೋಲ್ ನನ್ನ ಮುಂದೆ ಬಂತು. ಇಲ್ಲದ ಕೆಲವರ ಹೆಸರಿಗೆ ಒಂದೇ ಕೈಯ ಹೆಬ್ಬೆಟ್ಟು. ಕ್ಯಾಷಿಯರನ್ನು ನಿಲ್ಲಿಸಿ ಪ್ರಶ್ನಿಸುತ್ತಿದ್ದಾಗ ನನ್ನ ಧ್ವನಿ ಅರ್ಧಕ್ಕೇ ಕುಗ್ಗಿತು. ವರದಿಯಲ್ಲಿ ಬರೆಯಬೇಕಾದುದನ್ನು ಬರೆದೆ. ಕಾಲೇಜಿಗೆ ಮತ್ತೆ ಹೋಗಲಿಲ್ಲ. ಒಂದು ವರ್ಷದ ಅಂಕಪಟ್ಟಿ ಮನೆಯ ಕಪಾಟಿನಲ್ಲಿದೆ. ಅದನ್ನು ಎಲ್ಲಿಯೂ ತೋರಿಸಿಲ್ಲ.

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಕಳವೆಂದು ನಮ್ಮ ಶಾಸ್ತ್ರವು ಅಚೌರ್ಯಕ್ಕೆ ಕೊಡುವ ವಿವರಣೆ ಬಹಳ ವಿಶಾಲವಾದುದು. ಬಾಲಕನಾಗಿದ್ದಾಗ ಪಾಠಶಾಲೆಯಲ್ಲಿ ಅಣುವ್ರತಗಳನ್ನು ಕಂಠಪಾಠ ಮಾಡಿದ್ದ ನನಗೆ ಹಾಜರಿ ಪುಸ್ತಕದ ಆ ಖಾಲಿ ಮನೆಯೂ ಪರರ ಸ್ವತ್ತೆಂದು ತಿಳಿಯಲು ಗಿರಣಿಯ ಕ್ಯಾಷಿಯರ್ ಬೇಕಾಯಿತು. ಈರುಳ್ಳಿ ಬೆಳ್ಳುಳ್ಳಿಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರುವ ನಮ್ಮ ಮನೆಗಳು ಇಂಥ ವಿಷಯದಲ್ಲಿ ಇಷ್ಟು ಸಡಿಲವಾಗಿರುವುದನ್ನು ಸಮಾಜವೇ ಯೋಚಿಸಬೇಕು.

ಇಷ್ಟಾದ ಮೇಲೂ ಕಾನೂನಿನ ಜೊತೆಗೆ ಇನ್ನೊಂದು ವಿಷಯ ಬೇಕೇ? ಬೇಕು. ಏಕೆ ಬೇಕೆಂಬುದನ್ನು ಮಂಗಳಗಿರಿಯ ನೆಲವೇ ಕಲಿಸುತ್ತದೆ.

ವಿಜಯವಾಡ ಗುಂಟೂರುಗಳ ನಡುವಿನ ಈ ಊರು ಪಾನಕಾಲ ನರಸಿಂಹಸ್ವಾಮಿಯ ಬೆಟ್ಟಕ್ಕೂ ಕೈಮಗ್ಗದ ಸೀರೆಗಳಿಗೂ ಹೆಸರಾಗಿತ್ತು. 2014ರ ರಾಜ್ಯ ವಿಭಜನೆಯ ನಂತರ ಇದರ ಪಕ್ಕದಲ್ಲಿಯೇ ಅಮರಾವತಿ ರಾಜಧಾನಿಯ ಯೋಜನೆ ರೂಪುಗೊಂಡಿತು. 29 ಹಳ್ಳಿಗಳ ರೈತರು ಭೂ ಸಮೀಕರಣದಲ್ಲಿ 33 ಸಾವಿರಕ್ಕೂ ಹೆಚ್ಚು ಎಕರೆ ಕೊಟ್ಟರು. ಪ್ರತಿಯಾಗಿ ಅಭಿವೃದ್ಧಿಪಡಿಸಿದ ನಿವೇಶನಗಳು ಮತ್ತು ಹತ್ತು ವರ್ಷಗಳ ವಾರ್ಷಿಕ ಕೌಲು: ಮೆಟ್ಟ ಭೂಮಿಗೆ ಎಕರೆಗೆ 30,000 ರೂಪಾಯಿ, ನೀರಾವರಿಯ ಜರೀಬು ಭೂಮಿಗೆ 50,000, ವರ್ಷಕ್ಕೆ ಶೇಕಡ 10ರ ಹೆಚ್ಚಳ. ಬಳಿಕ ಬಂದ ಸರಕಾರ ಮೂರು ರಾಜಧಾನಿ ಎಂದಿತು: ವಿಶಾಖಪಟ್ಟಣ, ಅಮರಾವತಿ, ಕರ್ನೂಲು. 2022ರ ಮಾರ್ಚ್ 3ರಂದು ಆಂಧ್ರಪ್ರದೇಶ ಹೈಕೋರ್ಟು ಹಾಗೆ ಮಾಡಲು ಶಾಸಕಾಂಗಕ್ಕೆ ಅಧಿಕಾರವಿಲ್ಲವೆಂದೂ ರೈತರಿಗೆ ಕೊಟ್ಟ ಮಾತನ್ನು ನಡೆಸಬೇಕೆಂದೂ ತೀರ್ಪಿತ್ತಿತು. ಅದರಲ್ಲಿ ಕಾಲಮಿತಿ ವಿಧಿಸಿದ ಭಾಗಗಳಿಗೆ ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. 2024ರಲ್ಲಿ ಸರಕಾರ ಬದಲಾದ ಮೇಲೆ ಕಾಮಗಾರಿ ಮತ್ತೆ ಆರಂಭವಾಯಿತು. ಎರಡು ಪಕ್ಷಗಳ ಹಠದ ನಡುವೆ ಒಂದು ರಾಜ್ಯ ತನ್ನ ರಾಜಧಾನಿ ಯಾವುದೆಂದು ತಿಳಿಯದೆ ಐದು ವರ್ಷ ಕಳೆದದ್ದು ಪ್ರಜಾಪ್ರಭುತ್ವದ ಹೆಮ್ಮೆಯ ಅಧ್ಯಾಯವಲ್ಲ.

ಆ ರೈತರಲ್ಲೊಬ್ಬರ ಕಡತ ನನ್ನ ಮೇಜಿಗೆ ಬಂತು. ನಾಲ್ಕು ಎಕರೆ ಪಿತ್ರಾರ್ಜಿತ ಭೂಮಿ, ಕೊಟ್ಟಾಗಿದೆ, ನಿವೇಶನ ಬಂದಿದೆ, ಅದನ್ನು ಮಾರಿದ್ದಾರೆ. ಆದಾಯ ತೆರಿಗೆ ಕಾಯ್ದೆಯ 10(37ಎ) ವಿಧಿಯು ಅಮರಾವತಿಯ ಈ ರೈತರಿಗೆಂದೇ ಬಂಡವಾಳ ಲಾಭದ ವಿನಾಯಿತಿಯನ್ನು ಕೊಟ್ಟಿದೆ; ಆದರೆ 2014ರ ಜೂನ್ 2ರಂದು ಭೂಮಿಯ ಒಡೆತನ ಯಾರದಿತ್ತು, ನಿವೇಶನದ ಸ್ವಾಧೀನ ಸಿಕ್ಕ ವರ್ಷದ ಅಂತ್ಯದಿಂದ ಎರಡು ವರ್ಷದೊಳಗೆ ಮಾರಾಟವಾಯಿತೇ ಎಂಬುದನ್ನು ನೋಡಬೇಕು. ಇದು ನನ್ನ ಕಸುಬು. ಒಡೆತನ ಯಾರದು ಎಂಬಲ್ಲಿಗೆ ಬಂದಾಗ ಕಸುಬು ಮುಗಿಯಿತು. ರೈತರಿಗೆ ಇಬ್ಬರು ಸಹೋದರಿಯರು: ಅಕ್ಕನ ಮದುವೆ 1983ರಲ್ಲಿ, ತಂಗಿಯದು 1990ರಲ್ಲಿ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲೆಂದು ಆಂಧ್ರಪ್ರದೇಶವು 1986ರ ತಿದ್ದುಪಡಿಯಲ್ಲಿಯೇ ವಿಧಿಸಿ, 1985ರ ಸೆಪ್ಟೆಂಬರ್ 5ರಿಂದ ಅನ್ವಯಿಸಿತು. ಅದಕ್ಕೆ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ಕರ್ನಾಟಕ ಹೀಗೆಯೇ ಮಾಡಿದ್ದು 1994ರಲ್ಲಿ. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಭೇದ ಉಳಿಯಲಿಲ್ಲ. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದಿತು. ಹೀಗೆ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳ ಹಕ್ಕು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ನಿವೇಶನದ ಮೇಲೆ ನಿಂತಿತು. ಭೂ ದಾಖಲೆ ಓದಲು ಕಂದಾಯದ ಇತಿಹಾಸ ಬೇಕು, ಲೆಕ್ಕ ಹಾಕಲು ವಾಣಿಜ್ಯ ಬೇಕು, ಪಾಲು ಹೇಳಲು ಕಾನೂನು ಬೇಕು. ಮೂವರು ಮೂರು ಕಚೇರಿಗಳಲ್ಲಿ ಕುಳಿತು ಮೂರು ಅಭಿಪ್ರಾಯ ಕೊಟ್ಟೆವು. ಕಡತ ಪೂರ್ತಿಯಾಗಿ ಅರ್ಥವಾಗಿದ್ದು ಯಾರಿಗೂ ಅಲ್ಲವೆಂದೇ ನನ್ನ ಅನುಮಾನ. ನಾನು ವಿಶಾಖಪಟ್ಟಣದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದವರೆಗೆ ವಾದಿಸಬಲ್ಲೆ. ನೇಲಪಾಡಿನ ಹೈಕೋರ್ಟಿನಲ್ಲಿ ವಕೀಲರ ಹಿಂದಿನ ಕುರ್ಚಿಯಲ್ಲಿ ಕುಳಿತು ಚೀಟಿ ಬರೆದುಕೊಡಬಲ್ಲೆ.

ಇದೇ ಕಾಯ್ದೆ ನಮಗೂ ಅನ್ವಯಿಸುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತನ್ನ ವ್ಯಾಪ್ತಿಯಲ್ಲಿ ಜೈನರನ್ನು ಹೆಸರಿಸಿಯೇ ಸೇರಿಸಿದೆ. ಆದರೂ ನಮ್ಮ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರ ಆಸ್ತಿ ವಿಭಾಗದ ದಿನ ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಅರಿಸಿನ ಕುಂಕುಮಕ್ಕೆ ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿಲ್ಲ? ಅಂಥ ಪತ್ರಗಳ ಮುದ್ರಾಂಕ ಶುಲ್ಕವನ್ನು ಲೆಕ್ಕ ಹಾಕಿಕೊಟ್ಟವರಲ್ಲಿ ನಾನೂ ಒಬ್ಬ. ಓದದೆ ಸಹಿ ಹಾಕಿದವರಲ್ಲಿ ಎಂ.ಎಸ್ಸಿ. ಆದವರು, ವೈದ್ಯರು ಇದ್ದರು. ಮನೆಯಲ್ಲಿ ಕಾನೂನು ಓದಿದ ಒಬ್ಬ ಮಗಳಿದ್ದರೆ ಆ ದಿನ ಕಚೇರಿಯಲ್ಲಿ ಒಂದು ಪ್ರಶ್ನೆಯಾದರೂ ಏಳುತ್ತಿತ್ತು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಅಣ್ಣಾಸಾಹೇಬ ಲಠ್ಠೆಯವರು ಎಂ.ಎ. ಮಾಡಿ ಕಾನೂನನ್ನೂ ಓದಿದವರು. ಜೈನ ಧರ್ಮದ ಪರಿಚಯ ಗ್ರಂಥ ಬರೆದವರು, ಕೊಲ್ಹಾಪುರದ ದಿವಾನರಾದವರು, 1937ರ ಮುಂಬಯಿ ಪ್ರಾಂತ ಸರಕಾರದಲ್ಲಿ ಹಣಕಾಸು ಮಂತ್ರಿಗಳಾದವರು. ಬ್ಯಾರಿಸ್ಟರ್ ಚಂಪತರಾಯ್ ಜೈನರು 1926ರಲ್ಲಿ ಜೈನ ಕಾನೂನಿನ ಮೇಲೆ ಗ್ರಂಥ ರಚಿಸಿದರು. ನಮ್ಮ ಕನ್ನಡಿಗರೇ ಆದ ನ್ಯಾಯಮೂರ್ತಿ ಟಿ.ಕೆ. ತುಕೋಳರು ಹೈಕೋರ್ಟಿನ ಪೀಠದಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನಕ್ಕೆ ಹೋದವರು. ಸಲ್ಲೇಖನವು ಆತ್ಮಹತ್ಯೆಯಲ್ಲವೆಂದು ಪ್ರತಿಪಾದಿಸುವ ಅವರ ಇಂಗ್ಲಿಷ್ ಗ್ರಂಥ 1976ರಲ್ಲಿ ಅಹಮದಾಬಾದಿನಿಂದ ಪ್ರಕಟವಾಯಿತು. ಆಗಮವನ್ನು ಮಾತ್ರ ಬಲ್ಲವರಾಗಲಿ ದಂಡಸಂಹಿತೆಯನ್ನು ಮಾತ್ರ ಬಲ್ಲವರಾಗಲಿ ಆ ಪುಸ್ತಕವನ್ನು ಬರೆಯಲಾರರು.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಅಪರಾಧದ ಸಾಲಿಗೆ ಸೇರಿಸಿದಾಗ, ಅದು ಧರ್ಮದ ಅವಿಭಾಜ್ಯ ಆಚರಣೆಯೆಂದು ಸಾಬೀತಾಗಿಲ್ಲವೆಂಬುದು ತೀರ್ಪಿನ ಮುಖ್ಯ ಅಂಶವಾಗಿತ್ತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಡುವಿನ ಮೂರು ವಾರ ನಾವೇನು ಮಾಡಿದೆವು? ಮೌನ ಮೆರವಣಿಗೆ ಮಾಡಿದೆವು, ಅಂಗಡಿ ಮುಚ್ಚಿದೆವು. ತಪ್ಪಲ್ಲ. ಆದರೆ ನ್ಯಾಯಾಲಯ ಕೇಳಿದ್ದು ಸಾಕ್ಷ್ಯವನ್ನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಅದು ಶಾಸನಗಳ ರೂಪದಲ್ಲಿ ಶತಮಾನಗಳಿಂದ ಕಲ್ಲಿನಲ್ಲಿಯೇ ಇದೆ. ಅದನ್ನು ಓದಬಲ್ಲವರಿಗೆ ನ್ಯಾಯಾಲಯದ ಭಾಷೆ ಬಾರದು, ನ್ಯಾಯಾಲಯದ ಭಾಷೆ ಬಲ್ಲವರಿಗೆ ಹಳಗನ್ನಡ ಬಾರದು. 2025ರ ಫೆಬ್ರವರಿಯಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು, ಜೈನರು ಈಗ ಅಲ್ಪಸಂಖ್ಯಾತರಾದುದರಿಂದ ಹಿಂದೂ ವಿವಾಹ ಕಾಯ್ದೆ ಅವರಿಗೆ ಅನ್ವಯಿಸದೆಂದು ವಿಚ್ಛೇದನದ ಅರ್ಜಿಯನ್ನು ತಿರಸ್ಕರಿಸಿತು. ಮಾರ್ಚ್‌ನಲ್ಲಿ ಮಧ್ಯಪ್ರದೇಶ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. 2014ರ ಅಲ್ಪಸಂಖ್ಯಾತ ಘೋಷಣೆಗೆ ಹಾರ ತುರಾಯಿ ಹಿಡಿದು ಹೋದ ನಮ್ಮ ನಾಯಕರಲ್ಲಿ, ಅದರಿಂದ ನಮ್ಮ ವೈಯಕ್ತಿಕ ಕಾನೂನು ಬದಲಾಗುತ್ತದೆಯೇ ಇಲ್ಲವೇ ಎಂದು ಎರಡು ಪುಟ ಬರೆದವರನ್ನು ನಾನು ಕಾಣೆ.

ಇತಿಹಾಸವನ್ನೇ ಏಕೆ ಎಂದು ಮಂಗಳಗಿರಿಯ ಆ ತಂದೆ ಕೇಳಿದರು. ಅವರ ಮನೆಯಿಂದ ಕೃಷ್ಣೆಯನ್ನು ದಾಟಿದರೆ ವಿಜಯವಾಡ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನ ರಾಣಿ ಅಯ್ಯಣ ಮಹಾದೇವಿಯು ಏಳನೆಯ ಶತಮಾನದಲ್ಲಿ ಇದೇ ಬೆಜವಾಡದಲ್ಲಿ ನಡುಂಬಿ ಬಸದಿಗೆ ಮುಸಿನಿಕೊಂಡ ಎಂಬ ಗ್ರಾಮವನ್ನು ದತ್ತಿ ಬಿಟ್ಟಳು. ಎಂಟನೆಯ ಶತಮಾನದಲ್ಲಿ ಮೂರನೆಯ ವಿಷ್ಣುವರ್ಧನ ಆ ದತ್ತಿಯನ್ನು ತಾಮ್ರಶಾಸನದಲ್ಲಿ ಮತ್ತೆ ಊರ್ಜಿತಗೊಳಿಸಿದ. ದಾನಪತ್ರ, ಊರ್ಜಿತ ಆದೇಶ, ಸ್ತ್ರೀಯ ದಾನಾಧಿಕಾರ, ಧಾರ್ಮಿಕ ಸಂಸ್ಥೆಯ ಆಸ್ತಿ ಇವೆಲ್ಲವೂ ಒಂದೇ ತಾಮ್ರಪಟದಲ್ಲಿವೆ. ಕಾನೂನು ಓದಿದ ಇತಿಹಾಸಕಾರ್ತಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಬೇಕೆ? ನಮ್ಮ ಪಂಪನ ಪೂರ್ವಿಕರೂ ಈ ವೆಂಗಿನಾಡಿನವರೇ. ಇಲ್ಲಿ ನಾವು ಹೊಸಬರೆಂದು ಹೇಳಿಕೊಳ್ಳುವುದು ಅರ್ಧ ಸತ್ಯ.

ಇನ್ನು ವ್ಯವಹಾರದ ಮಾತು. ಮಂಗಳಗಿರಿಯ ಸುತ್ತಿನಲ್ಲಿಯೇ ಸಂಯುಕ್ತ ಪದವಿಗೆ ಅವಕಾಶಗಳಿವೆ: ವಡ್ಡೇಶ್ವರಂನ ಕೆ.ಎಲ್. ವಿಶ್ವವಿದ್ಯಾಲಯ, ಇನವೋಲಿನ ವಿ.ಐ.ಟಿ.-ಎ.ಪಿ. ಇವೆರಡರಲ್ಲೂ ಕಾನೂನು ವಿಭಾಗಗಳಿವೆ. ವಿಜಯವಾಡದ ಕಾನೂರಿನಲ್ಲಿ ಸಿದ್ಧಾರ್ಥ ಕಾನೂನು ಕಾಲೇಜು ಇದೆ. ಸುಮಾರು 350 ಕಿಲೋಮೀಟರ್ ದೂರದಲ್ಲಿ, ವಿಶಾಖಪಟ್ಟಣದ ಹೊರವಲಯದ ಸಬ್ಬವರಂನಲ್ಲಿ, 2008ರಲ್ಲಿ ಸ್ಥಾಪನೆಯಾದ ದಾಮೋದರಂ ಸಂಜೀವಯ್ಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ. ಕರ್ನಾಟಕಕ್ಕೇ ಕಳುಹಿಸುವವರಿಗೆ ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ಇದೆ. ಐದು ವರ್ಷದ ಸಂಯುಕ್ತ ಪದವಿ ದೇಶದಲ್ಲಿ ಹೆಸರಾದದ್ದು 1988ರಲ್ಲಿ ಅಲ್ಲಿ ಮೊದಲ ತಂಡ ಸೇರಿದ ಮೇಲೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ, ಧರ್ಮಸ್ಥಳದ ಸಂಸ್ಥೆ ಮಂಗಳೂರಿನಲ್ಲಿ ನಡೆಸುವ ಕಾನೂನು ಕಾಲೇಜೂ ಇವೆ. ಎಲ್ಲಿ ಸೇರಿಸಿದರೂ ಮೊದಲು ಕೇಳಬೇಕಾದ ಪ್ರಶ್ನೆ: ಎರಡನೆಯ ವಿಷಯವನ್ನು ಕಲಿಸುವ ಪೂರ್ಣಾವಧಿ ಅಧ್ಯಾಪಕರು ಇದ್ದಾರೆಯೇ? ಅನೇಕ ಕಡೆ ಬಿ.ಎ. ಎಂಬುದು ಎಲ್‌ಎಲ್.ಬಿ.ಯ ಮುಂದೆ ಅಂಟಿಸಿದ ಎರಡಕ್ಷರ ಮಾತ್ರ.

ಪೋಷಕರು ಅರಿಯದ ಇನ್ನೊಂದು ಅಂಶವಿದೆ. ಸಂಯುಕ್ತ ಪದವಿಯಲ್ಲಿ ನಡುವೆ ಇಳಿಯುವ ನಿಲ್ದಾಣವಿಲ್ಲ. ಮೂರು ವರ್ಷ ಓದಿ ಬಿಟ್ಟರೆ ಬಿ.ಎ. ಆದರೂ ಸಿಗಲಿ ಎಂದರೆ ಪರಿಷತ್ತಿನ ನಿಯಮ ಒಪ್ಪದು. ಡಿಗ್ರಿ ನಡುವೆಯೇ ಮದುವೆ ನಿಶ್ಚಯಿಸಿಬಿಡುವ ನಮ್ಮ ಪದ್ಧತಿಯಲ್ಲಿ ಇದರ ಹೊಡೆತ ಬೀಳುವುದು ಹೆಣ್ಣುಮಕ್ಕಳ ಮೇಲೆಯೇ. ಸೇರಿಸುವುದಾದರೆ ಐದು ವರ್ಷಕ್ಕೆ ಸೇರಿಸಿ. ಪ್ರತಿ ವಿಷಯದಲ್ಲಿ ಶೇಕಡ 70ರ ಹಾಜರಾತಿ, ಐದು ವರ್ಷಗಳಲ್ಲಿ ಕನಿಷ್ಠ 20 ವಾರಗಳ ಪ್ರಾಯೋಗಿಕ ತರಬೇತಿ, ಪದವಿಯ ನಂತರ ವಕೀಲರ ಅರ್ಹತಾ ಪರೀಕ್ಷೆ ಇವೆಲ್ಲಕ್ಕೂ ಮನೆಯವರ ಮನಸ್ಸು ಸಿದ್ಧವಿರಬೇಕು. ನೇರವಾಗಿ ನ್ಯಾಯಾಧೀಶೆಯಾಗಲಿ ಎನ್ನುವವರು, 2025ರ ಮೇ ತಿಂಗಳ ಸುಪ್ರೀಂ ಕೋರ್ಟಿನ ತೀರ್ಪು ಅದಕ್ಕೆ ಮೂರು ವರ್ಷಗಳ ವಕಾಲತ್ತನ್ನು ಮತ್ತೆ ಕಡ್ಡಾಯ ಮಾಡಿರುವುದನ್ನು ಗಮನಿಸಬೇಕು. ಸಿ.ಎ. ಬೇಕೆನ್ನುವವರು ಅದನ್ನು ಮೊದಲು ಮುಗಿಸಿ ನಂತರ ಮೂರು ವರ್ಷದ ಎಲ್‌ಎಲ್.ಬಿ.ಗೆ ಬರಲಿ, ಅಥವಾ ಐದು ವರ್ಷ ಮುಗಿಸಿ ಸಿ.ಎ.ಗೆ ಹೋಗಲಿ, 2023ರಿಂದ ಆರ್ಟಿಕಲ್‌ಶಿಪ್ ಎರಡೇ ವರ್ಷಕ್ಕೆ ಇಳಿದಿರುವುದರಿಂದ ಈ ದಾರಿ ಮೊದಲಿಗಿಂತ ಸುಲಭ.

ನಿಯಮವೇ ತೆರೆದಿಟ್ಟಿರುವ ಸಣ್ಣ ಬಾಗಿಲೊಂದನ್ನು ನಾವು ಬಳಸಬಹುದು. ಭಾಷೆಯ ಅರೆಕಾಲಿಕ ಕೋರ್ಸು ಮತ್ತು ದೂರಶಿಕ್ಷಣಕ್ಕೆ ವಿನಾಯಿತಿ ಇದೆಯಲ್ಲವೇ? ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡವನ್ನು ಮಾತಾಡುತ್ತಾರೆ, ಓದುವಾಗ ತಡವರಿಸುತ್ತಾರೆ. ಕಾನೂನು ಓದುತ್ತಲೇ ಕನ್ನಡವನ್ನೋ ಪ್ರಾಕೃತವನ್ನೋ ಕಲಿಯಲು ಯಾವ ಸುಳ್ಳು ಘೋಷಣೆಯೂ ಬೇಕಿಲ್ಲ. ನಮ್ಮ ಸಂಘಗಳ ವಿದ್ಯಾರ್ಥಿವೇತನಗಳು ಇಂಥವರಿಗೆ ಮೀಸಲಾಗಲಿ. ಹಣ ಬಿಡುಗಡೆಗೆ ಅಂಕಪಟ್ಟಿಯ ಜೊತೆ ಹಾಜರಾತಿ ಪತ್ರವನ್ನೂ ಕೇಳಲಿ. ಪಂಚಕಲ್ಯಾಣದ ಒಂದು ದಿನದ ಪೆಂಡಾಲಿನ ಬಿಲ್ಲಿನಲ್ಲಿ ಎಷ್ಟು ವರ್ಷದ ಶುಲ್ಕ ಅಡಗಿದೆಯೆಂಬುದನ್ನು ಆ ಬಿಲ್ಲುಗಳನ್ನು ತಪಾಸಣೆ ಮಾಡುವ ನಾನು ಬಲ್ಲೆ. ಅದರ ಮಾತು ಇನ್ನೊಂದು ಸಂಚಿಕೆಗೆ ಇರಲಿ.

ಮಂಗಳಗಿರಿಯ ಆ ಮಗಳು ಡಿಸೆಂಬರ್‌ನ ಕ್ಲ್ಯಾಟ್ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ಸಬ್ಬವರಂ ಅವಳ ಮೊದಲ ಆಯ್ಕೆ. ಸಿಗದಿದ್ದರೆ ಮನೆಯ ಹತ್ತಿರದ ವಿಶ್ವವಿದ್ಯಾಲಯ. ತಂದೆ ಕಳೆದ ವಾರ ದೂರವಾಣಿಯಲ್ಲಿ ಮತ್ತೆ ಕೇಳಿದರು: "ಅಲ್ಲ ಅಣ್ಣಾರ, ಆ ಕಾಲೇಜಿನಾಗ ಖರೇನ ದಿನಾ ಹೋಗಬೇಕೇನು?" ದಿನವೂ ಹೋಗಬೇಕೆಂದೆ. ಹಾಗಾದರೆ ಹಾಸ್ಟೆಲಿನಲ್ಲಿ ರಾತ್ರಿಯ ಊಟ ಎಷ್ಟು ಗಂಟೆಗೆಂದು ವಿಚಾರಿಸಿ ತಿಳಿಸಿ ಎಂದರು. ಅದನ್ನು ಇನ್ನೂ ವಿಚಾರಿಸಬೇಕಾಗಿದೆ.